ಚೆನ್ನೈಯ ಉಗಿಬಂಡಿಯೂ ಛಾಯಾಗ್ರಾಹಕನ ಕಣ್ಣೂ

ಚೀನಾದೇಶದ ಷಿಂಜಿಯಾಂಗ್ ಪ್ರಾಂತದ ಸಾಂದಾವೋಲಿಂಗ್ ಎಂಬ ಕಲ್ಲಿದ್ದಲ ಗಣಿಯಲ್ಲಿ, ಲೋಕವೆಲ್ಲ ಡೀಸೆಲಿಗೂ ವಿದ್ಯುತ್ತಿಗೂ ಒಲಿದ ಮೇಲೆಯೂ ಎಷ್ಟೋ ವರ್ಷ ಉಗಿಬಂಡಿಗಳು ದುಡಿಯುತ್ತಿದ್ದುದರಿಂದ, ದೇಶದೇಶಗಳ ಛಾಯಾಗ್ರಾಹಕರು ಅಲ್ಲಿಯ ಕೊರೆಯುವ ಚಳಿಗೆ ಮೈಯೊಡ್ಡಿ ಅವನ್ನು ಚಿತ್ರದಲ್ಲಿ ಹಿಡಿದರು. ಅಂತಹ ನಿತ್ಯದ ದುಡಿಮೆ ಚೆನ್ನೈಯಲ್ಲಿ ಈಗ ಕಾಣದು. ಆದರೆ 1855ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಿರ್ಮಿತವಾಗಿ, ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ಸೇವೆ ಸಲ್ಲಿಸಿ, ತರುವಾಯ ಜಮಾಲ್‌ಪುರ, ಹೌರಾಗಳಲ್ಲಿ ಪ್ರದರ್ಶನದ ವಸ್ತುವಾಗಿ ಬಹುಕಾಲ ನಿಶ್ಚಲವಾಗಿದ್ದ ‘ಇ.ಐ.ಆರ್. 21’ ಎಂಬ ಯಂತ್ರಕ್ಕೆ, ಪೆರಂಬೂರಿನ ಲೋಕೋ ಕಾರ್ಖಾನೆಯ ಕೆಲಸಗಾರರು 2010ರಲ್ಲಿ ಮರಳಿ ಚಲನಶಕ್ತಿಯನ್ನಿತ್ತರು. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನಗಳಂತಹ ಸಂದರ್ಭಗಳಲ್ಲಿ ಅದು ಎಗ್ಮೋರಿನಿಂದ ಕೋಡಂಬಾಕ್ಕಂವರೆಗೆ ಓಡಿದ್ದುಂಟು. ಪ್ರಸಿದ್ಧ ‘ಫೇರಿ ಕ್ವೀನ್’ ಎಂಬ ಉಗಿಯಂತ್ರ ಇದರ ಒಡಹುಟ್ಟು.

ಚಿಮಣಿಯಿಂದ ಹೊರಟ ಉಗಿ ಮೊದಲು ಅದೃಶ್ಯವಾಗಿದ್ದು, ತಣ್ಣನೆಯ ಗಾಳಿ ತಗುಲಿ ಸೂಕ್ಷ್ಮ ಹನಿಗಳಾದ ಮೇಲೆಯೇ ಬಿಳಿಯ ಮೇಘವಾಗಿ ಕಣ್ಣಿಗೆ ಬೀಳುತ್ತದೆ. ಷಿಂಜಿಯಾಂಗಿನ ಮಾಗಿಯಲ್ಲಿ ಆ ಮೇಘ ಬಂಡಿಯನ್ನೇ ಮುಸುಕುವಷ್ಟು ದಟ್ಟವಾದರೆ, ಚೆನ್ನೈಯ ಆಗಸ್ಟ್ ತಿಂಗಳ ಸೆಕೆಯಲ್ಲಿ ಬಲುಬೇಗ ಕರಗಿಹೋಗುತ್ತದೆ. ಆದ್ದರಿಂದ ಇಲ್ಲಿಯ ಛಾಯಾಗ್ರಾಹಕನಿಗೆ ಜನವರಿಯ ಬೆಳಗೇ ಮೇಲು: ಗಾಳಿ ಕೊಂಚ ತಂಪು, ಎಳೆಬಿಸಿಲು ಓರೆಯಾಗಿ ಬಿದ್ದು, ನಡುಹಗಲಿನಲ್ಲಿ ಬಾಯ್ಲರಿನ ನೆರಳಿನಲ್ಲಿ ಮುಳುಗುವ ಗಾಲಿಗಳನ್ನೂ ಅವನ್ನು ತಿರುಗಿಸುವ ದಂಡಗಳನ್ನೂ ಬೆಳಗುತ್ತದೆ.  ಕ್ಯಾಮರಾದ ಷಟರನ್ನು ಅತಿ ವೇಗವಾಗಿಟ್ಟರೆ ಗಾಲಿಯ ಅರಗಳೆಲ್ಲ ಸ್ಪಷ್ಟವಾಗಿ ಮೂಡಿ, ಓಡುವ ಬಂಡಿ ನಿಂತಂತೆ ತೋರುತ್ತದೆ. ಸೆಕೆಂಡಿನ ಮೂವತ್ತನೆಯ ಒಂದಂಶದಷ್ಟು ನಿಧಾನಿಸಿ, ಬಂಡಿಯೊಡನೆ ಕ್ಯಾಮರಾವನ್ನೂ ಸಮವಾಗಿ ತಿರುಗಿಸಿದರೆ ಮಾತ್ರ ಅರಗಳು ಸುಳಿದು, ಅದರ ಗತಿ ಚಿತ್ರದಲ್ಲಿ ಉಳಿಯುತ್ತದೆ.

ನನ್ನ ಮನಸ್ಸು ಮಾತ್ರ ಹೆಚ್ಚಾಗಿ ಒಲಿಯುವುದು, ಬಾವುಟ ತೋರಣಗಳ ಓಟಕ್ಕಿಂತ, ಅದಕ್ಕೆ ಮುನ್ನಿನ ದುಡಿಮೆಗೆ. ಬಾಯ್ಲರಿನ ಕಬ್ಬಿಣ ಒಮ್ಮೆಗೇ ಕಾದು ಬಿರಿಯದಿರಲೆಂದು ಗಂಟೆಗಟ್ಟಲೆ ಮೊದಲೇ ಬೆಂಕಿಯೆಬ್ಬಿಸುವುದು, ಒಂದೊಂದು ಕೀಲಿಗೂ ಎಣ್ಣೆಯೂಡುವುದು, ಒತ್ತಡದ ಮುಳ್ಳು ಏರುವುದನ್ನು ಎವೆಯಿಕ್ಕದೆ ಕಾಯುವುದು, ಇವೆಲ್ಲ ಗಣಿಯ ಬಂಡಿಗೂ ಉತ್ಸವದ ಬಂಡಿಗೂ ಸಮಾನವೇ. ಚೀನಾದ ಚಿತ್ರಗಳಲ್ಲಿ ನಮ್ಮನ್ನು ಸೆಳೆಯುವ ಶ್ರಮದ ಘನತೆ ಇಲ್ಲಿಯೂ ಉಂಟು. ಅದನ್ನು ಚಿತ್ರಿಸಲು ರೈಲ್ವೆಯವರ ಅನುಮತಿ ಬೇಕು. ದೊರೆಯದವರು ಪೆರಂಬೂರಿನ ಐ.ಸಿ.ಎಫ್. ಎಂಬ ರೈಲು ಬೋಗಿ ಕಾರ್ಖಾನೆಯ ಬಳಿಯ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿ ನಿಂತಿರುವ ಯಂತ್ರಗಳಲ್ಲಿ ಯಾವ ದಂಡ ಯಾವ ಗಾಲಿಯನ್ನು ನೂಕುತ್ತದೆಂಬುದನ್ನು ಸಾವಧಾನವಾಗಿ ನೋಡಿಕೊಳ್ಳಲಿ. ಬಂಡಿ ಓಡುವ ದಿನ ಎಲ್ಲಿ ನಿಲ್ಲಬೇಕೆಂಬುದು ಆಗ ತಾನಾಗಿ ತಿಳಿಯುತ್ತದೆ.