ಕ್ಯಾನ್ಸರಿನ ನೂತನ ಚಿಕಿತ್ಸೆಯೂ ಹೃದಯದ ಯೋಗಕ್ಷೇಮವೂ

ಕ್ಯಾನ್ಸರ್ ಎಂಬ ಹೆಸರನ್ನು ಕೇಳಿದೊಡನೆಯೇ ಮನೆಮಂದಿಯೆಲ್ಲರೂ ಕಂಗೆಡುವುದು ಸ್ವಾಭಾವಿಕವು. ಆದರೆ ಈ ರೋಗಕ್ಕೆ ಶಸ್ತ್ರ, ಕಿರಣ, ತೀಕ್ಷ್ಣೌಷಧಿಗಳಲ್ಲದೆ ಈಚೆಗೆ ಇನ್ನೊಂದು ಮಾರ್ಗವೂ ದೊರೆತಿರುವುದು. ದೇಹದ ಸ್ವಂತ ರಕ್ಷಣಾಶಕ್ತಿಯನ್ನೇ ರೋಗದ ಮೇಲೆ ಬಿಡತಕ್ಕ ಈ ಚಿಕಿತ್ಸೆಗೆ ಇಮ್ಯುನೋಥೆರಪಿ ಎಂದು ಹೆಸರು.

ನಮ್ಮ ರಕ್ತದಲ್ಲಿ ಟಿ-ಕಣಗಳೆಂಬ ಕಾವಲಿನ ಸೈನಿಕರಿರುವರು. ಇವರು ಮಿತಿಮೀರಿ ಸ್ವಂತ ಅಂಗಗಳನ್ನೇ ಹೊಡೆಯದಂತೆ ಪ್ರಕೃತಿಯು ಕೆಲವು ತಡೆಗಳನ್ನಿಟ್ಟಿದೆ. ಕ್ಯಾನ್ಸರ್ ಗಡ್ಡೆಯು ಆ ತಡೆಗಳನ್ನೇ ಆಶ್ರಯಿಸಿ ತಪ್ಪಿಸಿಕೊಳ್ಳುತ್ತದೆ. ಅವುಗಳನ್ನು ತೆಗೆದರೆ ರೋಗವನ್ನು ಎದುರಿಸಬಹುದೆಂದು ತೋರಿಸಿಕೊಟ್ಟ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೊಂಜೊ ಇವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಇಪಿಲಿಮುಮ್ಯಾಬ್, ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮೊದಲಾದುವು ಈ ಜಾತಿಯ ಔಷಧಗಳು. ಇವುಗಳಿಂದ ಅನೇಕರ ಆಯುಷ್ಯವು ಬೆಳೆದಿದೆ.

ಆದರೆ ತಡೆ ತೆಗೆದ ಬಳಿಕ ಬೇಲಿಯೇ ಎದ್ದು ಹೊಲವನ್ನು ಮೇಯುವ ಪ್ರಸಂಗವೂ ಉಂಟು. ಚರ್ಮ, ಕರುಳುಗಳಿಗೆ ಉರಿಯೂತ ತಗಲುವುದು ಸಾಮಾನ್ಯ. ಹೃದಯಕ್ಕೆ ತಗಲುವುದು ವಿರಳವಾದರೂ ಘೋರ. ಮೆಲನೋಮವೆಂಬ ಚರ್ಮದ ಕ್ಯಾನ್ಸರಿಗಾಗಿ ಇಪಿಲಿಮುಮ್ಯಾಬ್, ನಿವೊಲುಮ್ಯಾಬ್ ಎರಡನ್ನೂ ಪಡೆದು ಹೃದಯದ ಉರಿಯೂತದಿಂದ ಮೃತರಾದ ಇಬ್ಬರ ವೃತ್ತಾಂತವನ್ನು ಅಮೆರಿಕದ ವೈದ್ಯರು 2016ರಲ್ಲಿ ಪ್ರಕಟಿಸಿದರು. ಅವರ ಹೃದಯದಲ್ಲಿಯೂ ಮೈಯ ಮಾಂಸಖಂಡಗಳಲ್ಲಿಯೂ ಟಿ-ಕಣಗಳು ನುಗ್ಗಿದ್ದುವು. ನಿವೊಲುಮ್ಯಾಬ್ ಒಂದನ್ನೇ ಪಡೆದ ಹತ್ತು ಸಾವಿರ ಮಂದಿಯಲ್ಲಿ ಸುಮಾರು 6 ಮಂದಿಗೂ, ಎರಡನ್ನೂ ಪಡೆದವರಲ್ಲಿ ಸುಮಾರು 27 ಮಂದಿಗೂ ಈ ಬಾಧೆಯೆಂದು ಅಂದು ಲೆಕ್ಕ ದೊರೆಯಿತು. ಅನಂತರದ ಕೆಲವು ಪರಿಶೀಲನೆಗಳಲ್ಲಿ ಪ್ರಮಾಣವು ನೂರಕ್ಕೆ ಒಂದರವರೆಗೂ ಕಂಡಿದೆ.

ಮನೆಯವರು ಮುಖ್ಯವಾಗಿ ಅರಿಯತಕ್ಕುದು ಇದರ ಕಾಲವನ್ನೂ ಕುರುಹುಗಳನ್ನೂ. ಬಹುಪಾಲು ಮೊದಲ ಮೂರು ತಿಂಗಳೊಳಗೆ, ಎಷ್ಟೋ ವೇಳೆ ಒಂದೆರಡು ಸೂಜಿಮದ್ದುಗಳಾಗುತ್ತಲೇ, ಇದು ತಲೆದೋರುವುದು. ಎದೆನೋವು, ಏದುಸಿರು, ಎದೆ ಡವಗುಟ್ಟುವುದು, ಮೂರ್ಛೆ. ತೋಳು ತೊಡೆಗಳ ನೋವು, ಕುಳಿತಲ್ಲಿಂದ ಏಳಲಾರದ ನಿಶ್ಶಕ್ತಿ. ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು, ನುಂಗಲು ತೊಡಕು: ಇವುಗಳಲ್ಲಿ ಯಾವುದು ಹೊಸದಾಗಿ ಕಂಡರೂ ಆ ದಿನವೇ ವೈದ್ಯರಿಗೆ ತಿಳಿಸಬೇಕು. ಎದೆನೋವು, ಏದುಸಿರು, ಮೂರ್ಛೆಗಳಾದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. "ಕ್ಯಾನ್ಸರ್ ರೋಗಿಗೆ ಆಯಾಸವು ಸಹಜವಲ್ಲವೆ" ಎಂದು ಸುಮ್ಮನಿರುವುದೇ ದೊಡ್ಡ ಅಪಾಯವು.

ವೈದ್ಯರು ಇ.ಸಿ.ಜಿ. ತೆಗೆದು, ರಕ್ತದಲ್ಲಿ ಟ್ರೋಪೋನಿನ್, ಕ್ರಿಯಾಟಿನ್ ಕೈನೇಸ್‌ಗಳನ್ನು ಪರೀಕ್ಷಿಸಿ, ಸಂಶಯವು ಬಲವಾದರೆ ಔಷಧವನ್ನು ನಿಲ್ಲಿಸಿ, ರಕ್ತನಾಳದ ಮೂಲಕ ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್ ಕೊಡುವರು. ಬೇಗ ಆರಂಭಿಸಿದಷ್ಟೂ ಉಳಿವಿನ ಆಸೆ ಹೆಚ್ಚು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಔಷಧದ ಹೆಸರನ್ನೂ ಕೊಟ್ಟ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ರೋಗಿಯ ಬಳಿಯಲ್ಲಿಡಿರಿ. ಚಿಕಿತ್ಸೆ ಮುಗಿದು ತಿಂಗಳುಗಳಾಗಿದ್ದರೂ ಯಾವ ವೈದ್ಯರ ಬಳಿಗೆ ಹೋದರೂ ಅದನ್ನು ತೋರಿಸಿರಿ. ಮೇಲಣ ಅಪಾಯಕ್ಕಂಜಿ ಚಿಕಿತ್ಸೆಯನ್ನೇ ಬೇಡವೆನ್ನುವುದು ವಿವೇಕವಲ್ಲ. ಕಾವಲುಗಾರನನ್ನು ನಂಬಬೇಕು, ಆದರೆ ಅವನ ಮೇಲೂ ಒಂದು ಕಣ್ಣಿರಬೇಕು.