ತೆಳುಗೆರೆ, ದಪ್ಪಗೆರೆ

ಖಾನಾಪುರ ಕಡೆಯ ಒಂದು ಎಮ್ಮೆ ತಕರಾರಿನಲ್ಲಿ ಹಗ್ಗವನ್ನು ದರೋಡೆ ಮಾಡಿದವನು ನಾನು. ಕೋರ್ಟಿನಲ್ಲಿ ಸ್ಟೆನೋ ಆಗಿದ್ದ ಕಾಲ. ಪಿಟ್‌ಮನ್ ಶಾರ್ಟ್‌ಹ್ಯಾಂಡಿನಲ್ಲಿ ತೆಳುಗೆರೆ ಎಳೆದರೆ ‘ಪ’, ಅದೇ ಗೆರೆ ದಪ್ಪಗಾದರೆ ‘ಬ’. ಅವಸರದಲ್ಲಿ ಸ್ವರದ ಚುಕ್ಕೆ ಇಡಲು ಪುರಸೊತ್ತಿರುವುದಿಲ್ಲ. ಪೆನ್ಸಿಲ್ ಮೊಂಡಾಗಿತ್ತು, ಸಾಹೇಬರು ಹೇಳಿದ ‘ರೋಪ್’ ನನ್ನ ಟೈಪಿಂಗಿನಲ್ಲಿ ‘ರಾಬ್’ ಆಯಿತು. ವಕೀಲರೊಬ್ಬರು ಓದಿ, ನಕ್ಕು, ತಿದ್ದಿಸಿದರು. ಪ್ರತಿ ಅವರ ಕೈಯಲ್ಲಿತ್ತು, ಅದಕ್ಕೇ ಉಳಿದುಕೊಂಡೆ.

ಈಗ ಬೆಳಗಾವಿಯ ನೆಹರು ನಗರದಲ್ಲಿ ನಿವೃತ್ತ. ಚುನಾವಣೆ ಬಂತೆಂದರೆ ನಮ್ಮ ಚಹಾದಂಗಡಿಯಲ್ಲಿ ಪಕ್ಷದ ಹುಡುಗರದು ಒಂದೇ ಮಾತು: “ಸಾದಾ ಕಾಲ್ ಬ್ಯಾಡ್ರಿ, ವಾಟ್ಸಾಪ್‌ನ್ಯಾಗ ಹಚ್ಚರಿ.” ಮೂಲೆಯಲ್ಲಿ ಅರ್ಧ ಕಪ್ ಚಹಾವನ್ನು ಅರ್ಧ ತಾಸು ಕುಡಿಯುವವನೊಬ್ಬ ಇರುತ್ತಾನೆ. ‘ಖಬರಿ’, ಅಂದರೆ ಪೊಲೀಸರಿಗೆ ಸುದ್ದಿ ಮುಟ್ಟಿಸುವವನು ಎಂದು ಎಲ್ಲರಿಗೂ ಗೊತ್ತು.

ಖಬರಿಗಳು ಬೆಳಗಾವಿಗೆ ಹೊಸಬರಲ್ಲ. 1916ರ ಮೇ 1ರಂದು ಲೋಕಮಾನ್ಯ ಟಿಳಕರು ಇಲ್ಲಿ ಮರಾಠಿಯಲ್ಲಿ ಹೋಂ ರೂಲ್ ಭಾಷಣ ಮಾಡಿದರು. ಪೊಲೀಸರ ಶಾರ್ಟ್‌ಹ್ಯಾಂಡ್‌ನವರು ಅದನ್ನು ಬರೆದುಕೊಂಡರು. ಈ ಭಾಷಣ, ಅಹಮದನಗರದ ಇನ್ನೆರಡು ಸೇರಿ ರಾಜದ್ರೋಹದ ಆರೋಪವಾಯಿತು. ಒಂದು ವರ್ಷದ ಸನ್ನಡತೆಗೆ 20,000 ರೂಪಾಯಿ ಮುಚ್ಚಳಿಕೆ, ಮೇಲೆ ತಲಾ 10,000ದ ಎರಡು ಜಾಮೀನು ಕೊಡಬೇಕೆಂದು ಪುಣೆಯ ಮ್ಯಾಜಿಸ್ಟ್ರೇಟರು ಆದೇಶಿಸಿದರು. ಟಿಳಕರ ವಕೀಲ ಮಹಮ್ಮದ್ ಅಲಿ ಜಿನ್ನಾ. ಅದೇ ನವೆಂಬರಿನಲ್ಲಿ ಮುಂಬಯಿ ಹೈಕೋರ್ಟು, ಭಾಷಣವನ್ನು ಇಡಿಯಾಗಿ ಓದಬೇಕು, ಬಿಡಿ ಮಾತು ಹೆಕ್ಕಬಾರದು ಎಂದು ಆದೇಶವನ್ನೇ ರದ್ದುಮಾಡಿತು. ಪೊಲೀಸರು ಬರೆದುಕೊಂಡ ಕಾಗದವೇ ಟಿಳಕರನ್ನು ಕಾಯಿತು ಅನ್ನಬಹುದು. ಅದು ಕೋರ್ಟಿಗೆ ಬಂದಿತ್ತಲ್ಲ!

ಫೋನ್ ಕದ್ದಾಲಿಕೆಯ ಕಾಗದ ಹಾಗೆ ಬರುವುದಿಲ್ಲ. 1988ರ ಆಗಸ್ಟಿನಲ್ಲಿ ಅದರ ಗದ್ದಲಕ್ಕೇ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟರು. 2019ರ ಜುಲೈನಲ್ಲಿ ಕುಮಾರಸ್ವಾಮಿಯವರ ಮೈತ್ರಿ ಸರ್ಕಾರ ಬಿತ್ತು. ಬಂಡಾಯದ ಮುಂದಾಳು ನಮ್ಮದೇ ಜಿಲ್ಲೆಯ ಗೋಕಾಕದ ರಮೇಶ ಜಾರಕಿಹೊಳಿ. ಮರುತಿಂಗಳೇ ಕದ್ದಾಲಿಕೆ ಆರೋಪ ಎದ್ದು, ಯಡಿಯೂರಪ್ಪ ಸರ್ಕಾರ ತನಿಖೆಯನ್ನು ಸಿಬಿಐಗೆ ಕೊಟ್ಟಿತು. 2021ರಲ್ಲಿ ಹೊರಬಿದ್ದ ಪೆಗಾಸಸ್ ಬೇಹು ತಂತ್ರಾಂಶದ ಪಟ್ಟಿಯಲ್ಲಿ, ಆ ಮೈತ್ರಿ ಸರ್ಕಾರದ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ನಂಬರಿತ್ತು. ಕುಮಾರಸ್ವಾಮಿ, ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ನಂಬರುಗಳೂ ಇದ್ದವು. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಫೋನು ಭೇದಿಸಿದ್ದಾರೆ ಎಂದಲ್ಲ, ಆ ಮಾತು ಬೇರೆ.

ಕಾಯ್ದೆ ಇಲ್ಲವೇ? ಇದೆ. ಪಿಯುಸಿಎಲ್ ಎಂಬ ನಾಗರಿಕ ಹಕ್ಕು ಸಂಘಟನೆಯ ಮೊಕದ್ದಮೆಯಲ್ಲಿ 1996ರಲ್ಲೇ ಸುಪ್ರೀಂ ಕೋರ್ಟು ಕಟ್ಟುಪಾಡು ಹಾಕಿತು. ರಾಜ್ಯದಲ್ಲಿ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಒಮ್ಮೆಗೆ 60 ದಿನ, ಎಳೆದರೆ 180. ಮುಖ್ಯ ಕಾರ್ಯದರ್ಶಿಯ ಸಮಿತಿ ಪರಿಶೀಲಿಸಬೇಕು. ಆದರೆ ಅಪ್ಪಣೆ ಕೊಡುವವರೂ ಪರಿಶೀಲಿಸುವವರೂ ಅಧಿಕಾರಿಗಳೇ, ನಡುವೆ ನ್ಯಾಯಾಧೀಶರಿಲ್ಲ. ಕೆಲಸಕ್ಕೆ ಬೇಕಿಲ್ಲದ ದಾಖಲೆಯನ್ನು ಆರು ತಿಂಗಳಿಗೊಮ್ಮೆ ನಾಶಮಾಡಬೇಕು. ಯಾರ ಮಾತು ಕೇಳಿದರೋ ಅವರಿಗೆ ಹೇಳಬೇಕೆಂಬ ನಿಯಮವಿಲ್ಲ.

ಖಬರಿಯ ಗುಟ್ಟಿಗೂ ಕಾಯ್ದೆಯ ಕಾವಲಿದೆ. ಸುದ್ದಿ ಕೊಟ್ಟವರು ಯಾರೆಂದು ಹೇಳಲು ಪೊಲೀಸರನ್ನು ಬಲವಂತಪಡಿಸುವಂತಿಲ್ಲ ಎಂಬುದು 1872ರ ಸಾಕ್ಷ್ಯ ಕಾಯ್ದೆಯ 125ನೇ ಕಲಮು. ಹೊಸ ಕಾಯ್ದೆಯಲ್ಲೂ ಉಳಿದಿದೆ. ಅದು ನ್ಯಾಯವೇ. ಹೆಸರು ಬಯಲಾದರೆ ಮಟ್ಕಾ, ಕಳ್ಳಸಾಗಣೆಯ ಸುದ್ದಿ ಯಾರು ಕೊಟ್ಟಾರು? ಆದರೆ ಆಳುವವರು ಎದುರಾಳಿಯ ಮನೆಗೆ ಖಬರಿಯನ್ನು ಕಳಿಸಿದರೆ?

ಅಮೆರಿಕದಲ್ಲಿ ಇದೇ ಜಗಳ. 2016ರಲ್ಲಿ ಟ್ರಂಪ್ ಪ್ರಚಾರ ತಂಡದವರ ಬಳಿಗೆ ಎಫ್‌ಬಿಐ ಮಾಹಿತಿದಾರರನ್ನು ಬಿಟ್ಟಿತ್ತು. ತಂಡದ ಮಾಜಿ ಸಲಹೆಗಾರ ಕಾರ್ಟರ್ ಪೇಜ್ ಮೇಲಿನ ನಿಗಾಕ್ಕೆ ಗುಪ್ತ ನ್ಯಾಯಾಲಯದ ಅನುಮತಿ ಪಡೆದಿತ್ತು. 2019ರ ಡಿಸೆಂಬರಿನಲ್ಲಿ ಅಲ್ಲಿನ ನ್ಯಾಯ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ವರದಿ, ತನಿಖೆ ಆರಂಭಿಸಲು ಸಕಾರಣವಿತ್ತು ಎಂದಿತು. ಜೊತೆಗೇ ಅನುಮತಿ ಅರ್ಜಿಗಳಲ್ಲಿ 17 ದೊಡ್ಡ ತಪ್ಪು, ಲೋಪಗಳನ್ನು ಎಣಿಸಿತು. ಎಣಿಸಲು ಕಾಗದ ಉಳಿದಿತ್ತು, ಅದನ್ನು ತೆರೆದು ನೋಡಲು ಹೊರಗಿನ ಕಣ್ಣಿತ್ತು. ನಾನು ಕೇಳುವುದೂ ಇಷ್ಟೇ. ಕೇಳಿ ಬರೆದುಕೊಳ್ಳುವವನ ಕೈಯೂ ತಪ್ಪುತ್ತದೆ. ತಿದ್ದಲು ಪ್ರತಿ ಬೇಕು.

ನಿನ್ನೆ ಸಂಜೆ ಖಬರಿ ಬಂದ. “ಬರ್ರಿ, ಕುಂದರ್ರಿ” ಎಂದು ಹುಡುಗರು ಜಾಗ ಬಿಟ್ಟುಕೊಟ್ಟರು, ಚಹಾ ಹೇಳಿದರು. ಮೇಜಿನ ಮೇಲಿದ್ದ ತಮ್ಮ ಫೋನುಗಳನ್ನು ಮಾತ್ರ ಮಗುಚಿ ಇಟ್ಟರು.