ಮಳೆಗಾಲದಲ್ಲಿ ಮನೆಗೆ ಹತ್ತುವ ಕರಿಬೂಷ್ಟು: ಅದರ ಗುರುತು ಹಾಗೂ ನಿವಾರಣೆ

ಕಾರವಾರ ಹಾಗೂ ಅಂಕೋಲಾ ತಾಲೂಕುಗಳಲ್ಲಿ ವರ್ಷವೊಂದಕ್ಕೆ ಸುಮಾರು 3000 ಮಿಲಿಮೀಟರಿನಷ್ಟು ಮಳೆ ಬೀಳುವುದು. ಅದರ ಬಹುಭಾಗವು ಜೂನದಿಂದ ಸಪ್ಟೆಂಬರದ ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಈ ಅವಧಿಯಲ್ಲಿ ಗೋಡೆಯ ಮೂಲೆಗಳಲ್ಲಿಯೂ ಕಪಾಟಿನ ಹಿಂಬದಿಯಲ್ಲಿಯೂ ಕಣಜದ ಬುಡದಲ್ಲಿಯೂ ಕಪ್ಪು ಚುಕ್ಕೆಗಳು ಮೂಡಿ ದಿನೇ ದಿನೇ ಹರಡುವುದನ್ನು ಎಲ್ಲರೂ ಕಂಡೇ ಇರುವರು. ಚವತಿ ಸಮೀಪಿಸಿತೆಂದರೆ ಅದರ ಮೇಲೆ ಬಣ್ಣ ಬಳಿದು ಮುಚ್ಚುವುದು ವಾಡಿಕೆಯಾಗಿದೆ. ದೀಪಾವಳಿಯ ಹೊತ್ತಿಗೆ ಆ ಬಣ್ಣವು ಹಪ್ಪಳದಂತೆ ಎದ್ದು ಕಪ್ಪು ಮತ್ತೆ ಹೊರಬೀಳುವುದು. ಬಣ್ಣಗಾರನನ್ನು ದೂಷಿಸಿ ಫಲವಿಲ್ಲ; ಗೋಡೆಯ ಹೊಟ್ಟೆಯಲ್ಲಿ ನೀರು ಇರುವವರೆಗೂ ಹೀಗೆಯೇ ಆಗುವುದು.

ಬೂಷ್ಟು ಅಣಬೆಯ ಕುಲಕ್ಕೆ ಸೇರಿದ ಸೂಕ್ಷ್ಮ ಜೀವಿ. ಬೀಜಗಳಂತಿರುವ ಅದರ ಕಣಗಳು ಗಾಳಿಯಲ್ಲಿ ಸರ್ವತ್ರ ತೇಲುತ್ತಿರುವವು. ಒದ್ದೆಯಾದ ಕಟ್ಟಿಗೆ, ಕಾಗದ, ಬಟ್ಟೆ, ಅಷ್ಟೇಕೆ, ಗೋಡೆಗೆ ಅಂಟಿದ ಧೂಳು ದೊರೆತರೂ ಅವು ಒಂದೆರಡು ದಿವಸಗಳಲ್ಲಿ ಮೊಳೆಯಬಲ್ಲವು. ಕಣಗಳನ್ನು ಮನೆಯಿಂದ ಹೊರಗಿಡುವುದು ಅಸಾಧ್ಯ. ಅವುಗಳಿಗೆ ನೀರು ದೊರೆಯದಂತೆ ಮಾಡುವುದು ಸಾಧ್ಯ. ಕಪ್ಪಾದುದೆಲ್ಲ ಘೋರವಿಷವೆಂಬ ಮಾತೊಂದು ಈಚೆಗೆ ಹಬ್ಬಿದೆ. ಕಪ್ಪಾಗಿ ಕಾಣುವ ಜಾತಿಗಳು ಅನೇಕ. ಬಣ್ಣದಿಂದ ಜಾತಿಯನ್ನಾಗಲಿ ವಿಷವನ್ನಾಗಲಿ ನಿರ್ಣಯಿಸಲು ಬಾರದು. ಆದರೂ ಯಾವ ಜಾತಿಯ ಬೂಷ್ಟೇ ಇರಲಿ, ಅದರ ಕಣಗಳು ತುಂಬಿದ ಕೋಣೆಯಲ್ಲಿ ಮಲಗುವವರಿಗೆ ಕೆಮ್ಮು, ನೆಗಡಿ, ಕಣ್ಣುರಿ ಬರಬಹುದು. ಉಬ್ಬಸದವರ ಬೇನೆ ಹೆಚ್ಚುವುದು. ಕೂಸುಗಳನ್ನೂ ವೃದ್ಧರನ್ನೂ ಅಂಥ ಕೋಣೆಯಲ್ಲಿ ಮಲಗಿಸಕೂಡದು.

ಕಪ್ಪು ಕಲೆಯೆಲ್ಲವೂ ಬೂಷ್ಟಲ್ಲ. ಒಲೆಯ ಮಸಿಯೂ ಗೋಡೆಗೆ ಹತ್ತಿರುವುದುಂಟು. ತಿಳಿಯಾದ ಬ್ಲೀಚಿಂಗ್ ನೀರಿನ ಒಂದು ಹನಿಯನ್ನು ಕಲೆಯ ಮೇಲಿಟ್ಟರೆ ಬೂಷ್ಟು ಕೆಲ ನಿಮಿಷಗಳಲ್ಲಿ ಬಿಳುಚುವುದು, ಮಸಿ ಹಾಗೆಯೇ ಉಳಿಯುವುದು. ಬಿಳಿಯ ಹುಡಿಯಂತೆ ಏಳುವುದು ಬಹುಶಃ ಉಪ್ಪು. ಅದು ನೀರಿನಲ್ಲಿ ಕರಗುತ್ತದೆ, ಬೂಷ್ಟು ಕರಗದು.

ಕಲೆಯಿರುವ ಸ್ಥಳವನ್ನು ನೋಡಿಯೇ ನೀರಿನ ದಾರಿಯನ್ನು ಬಹುಮಟ್ಟಿಗೆ ಹೇಳಬಹುದು. ನೆಲದಿಂದ ಎರಡು ಮೂರು ಅಡಿಗಳವರೆಗೆ ಪಟ್ಟಿಯಂತೆ ಹಬ್ಬಿದ್ದರೆ ನೀರು ಅಡಿಪಾಯದಿಂದ ಏರುತ್ತಿದೆಯೆಂದು ತಿಳಿಯಬೇಕು. ಚಿರೆಕಲ್ಲು ರಂಧ್ರಗಳುಳ್ಳ ಕಲ್ಲಾದುದರಿಂದ ನೀರನ್ನು ಸುಲಭವಾಗಿ ಹೀರುವುದು. ಅಂಗಳದ ಮಣ್ಣು ಗೋಡೆಗೆ ತಾಗಿ ಎತ್ತರವಾಗಿದ್ದರೆ ಅದನ್ನು ತೆಗೆದು, ಸೂರಿನ ನೀರು ಬೀಳುವಲ್ಲಿ ಗಟಾರ ತೋಡಿ, ಇಳಿಜಾರು ಮಾಡತಕ್ಕದ್ದು. ಮಾಡಿನ ಅಂಚಿನಲ್ಲಿ ಕಂಡರೆ ಒಡೆದ ಹೆಂಚನ್ನು ಹುಡುಕಬೇಕು. ಕಪಾಟಿನ ಹಿಂದೆ ಮಾತ್ರ ಕಂಡರೆ ಅಲ್ಲಿ ಗಾಳಿಯಾಡುತ್ತಿಲ್ಲ. ಕಪಾಟನ್ನು ಗೋಡೆಯಿಂದ ಒಂದು ಗೇಣು ಸರಿಸುವುದರಿಂದಲೇ ಅನೇಕ ವೇಳೆ ಗುಣ ಕಾಣುವುದು. ಸಂದೇಹವಿದ್ದಲ್ಲಿ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಸುತ್ತಲೂ ಅಂಟಿಸಿ ಎರಡು ದಿನ ಬಿಡಬೇಕು. ಗೋಡೆಯ ಕಡೆಯ ಮಗ್ಗುಲಲ್ಲಿ ಹನಿಗಟ್ಟಿದರೆ ನೀರು ಗೋಡೆಯೊಳಗಿನದು. ಹೊರಮಗ್ಗುಲಲ್ಲಿ ಹನಿಗಟ್ಟಿದರೆ ಕೋಣೆಯ ಗಾಳಿಯದು.

ಹಿಂದೆ ಕಟ್ಟಿಗೆಯ ಒಲೆಯ ಶಾಖವು ಹೆಂಚಿನ ಸಂದುಗಳಿಂದ ಹೊರಹೋಗುತ್ತ ಅಟ್ಟವನ್ನು ಒಣಗಿಸುತ್ತಿತ್ತು. ಆ ಹೊಗೆ ಕಣ್ಣಿಗೂ ಎದೆಗೂ ಕೆಡುಕಾಗಿದ್ದಿತು. ಅದು ಹೋದುದೇ ಲೇಸು. ಆದರೆ ಅದರೊಡನೆ ಶಾಖವೂ ಹೋಯಿತು. ಮೇಲೆ ಕಾಂಕ್ರೀಟಿನ ಚಪ್ಪರ ಬಂದು, ಗೋಡೆಗೆ ನೀರಾವಿ ಹೊರಬಿಡದ ಬಣ್ಣ ಹತ್ತಿತು. ಚಿಪ್ಪು ಸುಟ್ಟು ಮಾಡಿದ ಸುಣ್ಣವು ಗೋಡೆಗೆ ಉಸಿರಾಡಗೊಡುವುದು, ಅದರ ಕ್ಷಾರದಲ್ಲಿ ಬೂಷ್ಟೂ ಸುಲಭವಾಗಿ ಬೆಳೆಯದು. ಹಳೆಯ ಚಿರೆಕಲ್ಲಿನ ಹಾಗೂ ಮಣ್ಣಿನ ಗೋಡೆಗಳಿಗೆ ಅದೇ ಯೋಗ್ಯ.

ನೆರೆ ಬಂದ ಊರುಗಳ ವಿಷಯವು ಬೇರೆ. 2019ರ ಆಗಸ್ಟದಲ್ಲಿ ಗಂಗಾವಳಿಯ ನೆರೆಯು ಅಂಕೋಲಾ ತಾಲೂಕಿನ ಮನೆಗಳನ್ನೂ, ಕದ್ರಾ ಅಣೆಕಟ್ಟಿನ ಕೆಳಗಿನ ಕಾಳಿಯ ನೀರು ಕಾರವಾರ ತಾಲೂಕಿನ ಮನೆಗಳನ್ನೂ ಹೊಕ್ಕಿತು. ನೆರೆ ಇಳಿದೊಡನೆ ಕೆಸರು ತೊಳೆದು ಜನರು ಒಳಸೇರುವುದು ಸಹಜ. ಪರಿಹಾರದ ಪಂಚನಾಮೆಯೂ ಬಿದ್ದ ಗೋಡೆಯನ್ನೇ ನೋಡುವುದು, ನೆನೆದು ನಿಂತ ಗೋಡೆಯನ್ನಲ್ಲ. ನೆನೆದ ಗೋಡೆ ಒಣಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುವವು. ಊರಿನ ಮುಖಂಡರು ಇಂಥ ಮನೆಗಳನ್ನು ತಿಂಗಳ ನಂತರ ಮತ್ತೊಮ್ಮೆ ನೋಡಿ ಬರುವುದು ಯುಕ್ತ. ನೆನೆದ ಹಾಸಿಗೆ, ಚಾಪೆಗಳನ್ನು ಉಳಿಸಿಕೊಳ್ಳುವ ಆಶೆ ಬೇಡ. ಒಕ್ಕಲುಗಳ ಹಾಗೂ ಕೂಲಿಕಾರರ ವಸತಿ ಜಮೀನುದಾರರದಾಗಿದ್ದರೆ ಗಟಾರವನ್ನೂ ಮಾಡನ್ನೂ ಸರಿಪಡಿಸುವ ಹೊಣೆ ಅವರದೇ; ಬಾಡಿಗೆಯವನು ಗೋಡೆ ಒರಸುತ್ತ ಕುಳಿತರೆ ನೀರು ನಿಲ್ಲದು.

ಬೂಷ್ಟನ್ನು ಒಣಗಿದ ಕಸಬರಿಗೆಯಿಂದ ಗುಡಿಸಕೂಡದು. ಕಣಗಳು ಮನೆಯೆಲ್ಲ ಹರಡುವವು. ಬಾಗಿಲು ಕಿಟಕಿ ತೆರೆದು, ಮೂಗು ಬಾಯಿಗೆ ಒಳ್ಳೆಯ ಮುಖವಾಡ ಕಟ್ಟಿಕೊಂಡು, ಸಾಬೂನಿನ ನೀರಿನಿಂದ ಉಜ್ಜಿ ತೊಳೆದು ಪೂರ್ಣ ಒಣಗಿಸಬೇಕು. ಬ್ಲೀಚಿಂಗ್ ನೀರನ್ನು ಬಳಸುವವರು ಅದಕ್ಕೆ ಪಾಯಖಾನೆ ತೊಳೆಯುವ ಆಮ್ಲವನ್ನು ಎಂದಿಗೂ ಬೆರೆಸಬಾರದು. ಆ ಮಿಶ್ರಣದಿಂದ ಪ್ರಾಣಾಂತಿಕವಾದ ವಾಯು ಏಳುವುದು. ಚವತಿಗೆ ಇಷ್ಟೇ ಸಾಕು. ಸುಣ್ಣ ಬಣ್ಣಗಳಿಗೆ ಮಾಘಮಾಸದ ಬಿಸಿಲು ಬರಲಿ.

ಇದೇ ತೇವದಲ್ಲಿ ಕಾಳುಕಡಿಯೂ ಕೆಡುವುದು. ಬೂಷ್ಟು ಹಿಡಿದ ಶೇಂಗಾ, ಕೊಬ್ಬರಿ, ಗೋವಿನಜೋಳಗಳಲ್ಲಿ ಆಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಬೇಯಿಸಿದರೂ ಅದು ಪೂರ್ಣ ನಾಶವಾಗದು. 1974ರಲ್ಲಿ ರಾಜಸ್ಥಾನ ಹಾಗೂ ಗುಜರಾತದ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹತ್ತಿದ ಗೋವಿನಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನರು ಯಕೃತ್ತಿನ ಬೇನೆಯಿಂದ ಮೃತರಾದರು. ಆದುದರಿಂದ ಭತ್ತದಲ್ಲಿ ತೇವವು ನೂರಕ್ಕೆ 14ನ್ನು ಮೀರದಂತೆ ಒಣಗಿಸಿ, ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲಿಡಬೇಕು. ಕೆಟ್ಟ ಕಾಳನ್ನು ಆಕಳಿಗೆ ಹಾಕುವ ರೂಢಿಯನ್ನೂ ಬಿಡತಕ್ಕದ್ದು; ಆ ವಿಷವು ಹಾಲಿನಲ್ಲಿ ಇಳಿದು ಮನೆಯ ಮಕ್ಕಳಿಗೇ ಮರಳಿ ಬರುವುದು. ಅಂಥ ಕಾಳನ್ನು ದನಕರುಗಳಿಗೆ ನಿಲುಕದಷ್ಟು ಆಳದಲ್ಲಿ ಹುಗಿಯಬೇಕು.